ಕುಬ್ರಾಬಿ ಅಳಿಸದೆ ಬಿಟ್ಟ ಗೋಡೆ

ಬೆಳಗಿನ ಐದೂವರೆ. ಬಳ್ಳಾರಿಯ ರೈಲ್ವೆ ಕೆಳಸೇತುವೆಗೆ ಅಂಟಿಕೊಂಡ ಹಳೆಯ ಹತ್ತಿ ಜಿನ್ನಿನ, ಎಂದರೆ ಹತ್ತಿ ಬಿಡಿಸುವ ಗಿರಣಿಯ, ಗೋಡೆಗೆ ಬಿದಿರಿನ ಏಣಿಯೊಂದು ಒರಗಿದೆ. ಏಣಿಯ ಆರನೇ ಮೆಟ್ಟಿಲ ಮೇಲೆ ನಿಂತಿರುವ ಹೆಂಗಸು ಸೆರಗನ್ನು ತಲೆಗೆ ಬಿಗಿದು, ಅದರ ಮೇಲೊಂದು ಟವೆಲು ಸುತ್ತಿಕೊಂಡಿದ್ದಾರೆ. ಸುಣ್ಣದ ಬಕೆಟ್ಟು ಏಣಿಯ ಕೊಕ್ಕೆಗೆ ನೇತಾಡುತ್ತಿದೆ. ಅವರ ಮೂಗಿನೆದುರಿಗೆ ಮೊಳದುದ್ದದ ಮೀಸೆ. ಮೀಸೆಯ ಮೇಲೆ ಕನ್ನಡಕ, ಕನ್ನಡಕದ ಮೇಲೆ ಜರಿಪೇಟ. ಕೈಮುಗಿದು ನಿಂತ ಮುಖಂಡರೊಬ್ಬರ ಹದಿನೈದು ಅಡಿಯ ಚಿತ್ರವದು. ಕುಂಚ ಮೇಲಿನಿಂದ ಕೆಳಕ್ಕೆ ಒಮ್ಮೆ ಇಳಿಯುತ್ತದೆ. ಪೇಟ ಒದ್ದೆಯಾಗುತ್ತದೆ, ಆದರೆ ಮಾಯವಾಗುವುದಿಲ್ಲ.

ಅಷ್ಟರಲ್ಲಿ ಬೈಕೊಂದು ಬಂದು ನಿಲ್ಲುತ್ತದೆ. ಅದರ ಮೇಲಿನ ಇಬ್ಬರು ಕೆಳಗಿಳಿಯುವುದಿಲ್ಲ, ಎಂಜಿನ್ ಕೂಡ ಆರಿಸುವುದಿಲ್ಲ. ಒಬ್ಬ ಫೋನೆತ್ತಿ ವಿಡಿಯೊ ಶುರುಮಾಡುತ್ತಾನೆ. ನಮ್ಮವರ ಗೋಡೆಯಿಂದಲೇ ಯಾಕೆ ಆರಂಭಿಸಿದೆ, ಹಳಿಯ ಆಚೆಯವರ ಗೋಡೆ ಕಣ್ಣಿಗೆ ಬೀಳಲಿಲ್ಲವೇ ಎಂದು ಇನ್ನೊಬ್ಬ ಕೇಳುತ್ತಾನೆ. ಹೆಂಗಸು ತಿರುಗಿ ನೋಡುವುದಿಲ್ಲ. ಸೊಂಟದ ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಹಾಳೆಯೊಂದನ್ನು ಎಳೆದು ಕೆಳಗೆ ಚಾಚುತ್ತಾರೆ.

“ಲಿಸ್ಟಿನಾಗ ಇದು ಒಂದನೇ ನಂಬರ ಐತಿ. ಅವರದು ನಾಕನೇದು. ಓದಕೋರಿ. ಫೋಟೊ ಬೇಕಂದ್ರ ಹೊಡಕೋರಿ.”

ಅವರು ಓದುತ್ತಾರೆ, ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಹತ್ತು ನಿಮಿಷಕ್ಕೆ ಇನ್ನೊಂದು ಬೈಕು. ಇವರು ಆಚೆಯವರು. ಇವರ ತಕರಾರೇ ಬೇರೆ: ಸುಣ್ಣ ಹೊಡೆದ ಮೇಲೂ ಮುಖ ಎದ್ದು ಕಾಣುತ್ತಿದೆಯಲ್ಲ, ಬೇಕೆಂದೇ ತೆಳ್ಳಗೆ ಹೊಡೆದಿದ್ದೀಯಾ? ಹಸಿ ಸುಣ್ಣ ನೀರಿನ ಹಾಗೆ, ಕೆಳಗಿರುವುದನ್ನೆಲ್ಲ ತೋರಿಸುತ್ತದೆ, ಒಣಗಿದ ಮೇಲೆ ಬಂದು ನೋಡಿ ಎಂದು ಆಕೆ ಏಣಿಯ ಮೇಲಿನಿಂದಲೇ ಹೇಳುತ್ತಾರೆ. ಅವರಿಗೆ ನಂಬಿಕೆ ಬರುವುದಿಲ್ಲ. ಎದುರಿನ ಚಹಾದಂಗಡಿಯ ಮುಂದೆ ಕಾದು ಕೂರುತ್ತಾರೆ. ಕೋಟೆಗುಡ್ಡದ ಹಿಂದಿನಿಂದ ಬಿಸಿಲು ಬಂದು ಗೋಡೆಗೆ ಬೀಳುವ ಹೊತ್ತಿಗೆ ಪೇಟ ಹೋಗುತ್ತದೆ, ಕನ್ನಡಕ ಹೋಗುತ್ತದೆ. ಕೊನೆಗೆ ಮೀಸೆಯೂ ಹೋದ ಮೇಲೆ ಚಹಾದ ಕಾಸು ಕೊಟ್ಟು ಎದ್ದು ಹೊರಡುತ್ತಾರೆ.

ಇವರು ಕುಬ್ರಾಬಿ. ವಯಸ್ಸು ಐವತ್ತೆರಡು. ಇಪ್ಪತ್ತೆರಡು ವರ್ಷಗಳಿಂದ ಬಳ್ಳಾರಿಯ ಗೋಡೆಗಳನ್ನು ಅಳಿಸುತ್ತಿದ್ದಾರೆ.

ಇವರನ್ನು ಮಾತಿಗೆ ಎಳೆಯುವುದು ಸುಲಭವಲ್ಲ. ಮೊದಲ ದಿನ ನಾನು ಪರಿಚಯ ಹೇಳಿಕೊಂಡಾಗ ಅವರು ಕೇಳಿದ ಮೊದಲ ಪ್ರಶ್ನೆ, “ನೀವು ಯಾರ ಕಡೆಯವರ್ರಿ?” ಪತ್ರಿಕೆಯವನು ಎಂದೆ. ಪತ್ರಿಕೆ ಯಾರ ಕಡೆಯದು ಎಂದರು. ಗುರುತಿನ ಚೀಟಿ ಇಸಿದುಕೊಂಡು, ಬೀದಿದೀಪದ ಕೆಳಗೆ ಹಿಡಿದು, ನನ್ನ ಮುಖವನ್ನೂ ಚೀಟಿಯಲ್ಲಿದ್ದ ಮುಖವನ್ನೂ ತಾಳೆ ನೋಡಿದರು. ಅದೂ ಸಾಲದೆ ಮಗಳು ಆಯೇಶಾಳ ಕೈಯಲ್ಲಿ ನಮ್ಮ ಕಚೇರಿಗೆ ಫೋನು ಮಾಡಿಸಿದರು. ಮರುದಿನ ಬಾ ಎಂದು ಕಳಿಸಿದರು. ನನಗೆ ಸ್ವಲ್ಪ ಕೋಪವೇ ಬಂದಿತ್ತು. ಅವರಿಗೆ ಅಷ್ಟು ಅನುಮಾನ ಯಾಕೆಂದು ಆಗ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಬಳ್ಳಾರಿಯನ್ನು ರೈಲು ಹಳಿ ಎರಡು ಮಾಡಿದೆ. ಹಳಿಯ ಈಚೆ ಒಂದು ಬಣ, ಆಚೆ ಇನ್ನೊಂದು. ಬಣಗಳ ಹೆಸರು, ಚಿಹ್ನೆ, ಬಣ್ಣ ಇಪ್ಪತ್ತು ವರ್ಷದಲ್ಲಿ ನಾಲ್ಕಾರು ಸಲ ಬದಲಾಗಿವೆ. ಈಚೆಯವರು, ಆಚೆಯವರು ಎಂಬ ಮಾತು ಮಾತ್ರ ಹಾಗೇ ಉಳಿದಿದೆ. ಚುನಾವಣೆ ಹತ್ತಿರ ಬಂತೆಂದರೆ ಮೊದಲು ಕಾಣಿಸಿಕೊಳ್ಳುವುದು ಗೋಡೆಗಳ ಮೇಲೆ. ಮುಖಗಳು ಬರುತ್ತವೆ, ಘೋಷಣೆಗಳು ಬರುತ್ತವೆ, ಎದುರಾಳಿಯನ್ನು ಹೆಸರು ಹೇಳದೆ ಚುಚ್ಚುವ ಸಾಲುಗಳು ಬರುತ್ತವೆ. ಯಾವ ಗೋಡೆ ಯಾರದೆಂಬುದಕ್ಕೆ ಮಾತಿನ ಜಗಳ, ಒಮ್ಮೊಮ್ಮೆ ಕೈಕೈ ಮಿಲಾಯಿಸುವ ಜಗಳ. ನೀತಿ ಸಂಹಿತೆ ಜಾರಿಯಾದ ಕೂಡಲೇ ಅಷ್ಟನ್ನೂ ಅಳಿಸಬೇಕು. ಬರೆಯುವುದಕ್ಕೆ ಮೂರು ತಿಂಗಳು, ಅಳಿಸುವುದಕ್ಕೆ ಮೂರು ದಿನ. ಆ ಮೂರು ದಿನ ಗುತ್ತಿಗೆದಾರರು ಕರೆಯುವ ಐದು ಜನರ ತಂಡಕ್ಕೆ ಕುಬ್ರಾಬಿಯೇ ಮೇಸ್ತ್ರಿ.

ಈ ಸಲದ ಪಟ್ಟಿಯಲ್ಲಿ ಅರವತ್ನಾಲ್ಕು ಗೋಡೆಗಳಿವೆ. ಸುಣ್ಣದ ಹರಳನ್ನು ಹಿಂದಿನ ದಿನ ಮಧ್ಯಾಹ್ನವೇ ಎರಡು ಡ್ರಮ್ಮಿನಲ್ಲಿ ನೀರಿಗೆ ಹಾಕಬೇಕು. ಅದು ಕುದಿಯುವಾಗ ಹತ್ತಿರ ಸುಳಿಯುವಂತಿಲ್ಲ. ಕುದಿ ಇಳಿದ ಮೇಲೆ ಉಪ್ಪು, ಗೋಂದು, ಚಿಟಿಕೆ ನೀಲಿ ಬೆರೆಸಿ ಸೋಸುತ್ತಾರೆ. ಸಾಧಾರಣ ಬಣ್ಣದ ಬರಹಕ್ಕೆ ಎರಡು ಕೈ ಸುಣ್ಣ ಸಾಕು. ಎಣ್ಣೆ ಬಣ್ಣವಾದರೆ ಮೊದಲು ಇಟ್ಟಿಗೆ ಚೂರಿನಿಂದ ತಿಕ್ಕಿ, ಆಮೇಲೆ ಮೂರು ಕೈ. ಅರವತ್ತಡಿ ಗೋಡೆಗೆ ಮೂರು ತಾಸು ಹಿಡಿಯುತ್ತದೆ. ಕುಬ್ರಾಬಿಗೆ ಬಣ್ಣಗಳ ಸ್ವಭಾವ ಗೊತ್ತು. ಹಸಿರು ಬೇಗ ಹೋಗುತ್ತದೆ, ಕರಿ ತಿಕ್ಕಿದರೆ ಹೋಗುತ್ತದೆ. “ಕೆಂಪು ಅಷ್ಟು ಸುಲಭಕ್ಕ ಹೋಗಂಗಿಲ್ರಿ. ಒಂದು ಕೈ ಹೊಡದ್ರ ಗುಲಾಬಿ ಆಗಿ ಮ್ಯಾಲೆ ಬರ್ತೈತಿ” ಎನ್ನುತ್ತಾರೆ. ಅವರ ಅಂಗೈ ನೋಡಿದರೆ ಗೆರೆಗಳೇ ಇಲ್ಲ. ಸುಣ್ಣ ತಿಂದು ಹಾಕಿದೆ. ಆಧಾರ್ ಕಾರ್ಡಿಗೆ ಬೆರಳಚ್ಚು ಬೀಳಲೆಂದು ಮೂರು ಸಲ ಓಡಾಡಿದ್ದಾರೆ.

ಹುಟ್ಟಿದ್ದು ಕುರುಗೋಡು ತಾಲ್ಲೂಕಿನ ಬಾದನಹಟ್ಟಿ. ಊರಿನ ಕನ್ನಡ ಶಾಲೆಯಲ್ಲಿ ಮೂರನೆಯ ತರಗತಿವರೆಗೆ ಓದಿದ್ದಾರೆ. ಮುಂದೆ ಓದಲಿಲ್ಲ, ಆದರೆ ಓದಿದ್ದನ್ನು ಮರೆಯಲೂ ಇಲ್ಲ. ಮದುವೆಯಾಗಿ ಬಳ್ಳಾರಿಯ ಕೌಲ್‌ಬಜಾರಿಗೆ ಬಂದಾಗ ಸುಣ್ಣ ಹೊಡೆಯುತ್ತಿದ್ದುದು ಗಂಡ ಇಮಾಮಸಾಬ್. ಒಂದು ಬೇಸಿಗೆಯಲ್ಲಿ ಡ್ರಮ್ಮು ಸಿಡಿದು ಕುದಿಯುವ ಸುಣ್ಣ ಅವರ ಕಣ್ಣಿಗೆ ಬಿತ್ತು. ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದರಲ್ಲಿ ಬೆಳಕು ಮತ್ತು ನೆರಳು ಮಾತ್ರ ಉಳಿಯಿತು. ಆಗ ಆಯೇಶಾಗೆ ಎಂಟು ತಿಂಗಳು. ಗಂಡ ಆಸ್ಪತ್ರೆಯಲ್ಲಿ ಇರುವಾಗಲೇ ಅರ್ಧಕ್ಕೆ ನಿಂತಿದ್ದ ಗೋಡೆಯನ್ನು ಮುಗಿಸಲು ಕುಬ್ರಾಬಿ ಏಣಿ ಹತ್ತಿದರು. ಹೆಂಗಸು ಏಣಿ ಹತ್ತುವುದನ್ನು ನೋಡಲು ಜನ ನಿಂತಿದ್ದರಂತೆ. ಇಮಾಮಸಾಬ್ ಈಗಲೂ ಮನೆಯಲ್ಲಿ ಕೂತು ಗೋಂದು ಕಾಯಿಸುತ್ತಾರೆ, ಕುಂಚದ ನಾರನ್ನು ಕೈಯಿಂದಲೇ ತಡವಿ ಕಟ್ಟುತ್ತಾರೆ.

ಮೂರು ವರ್ಷದ ಹಿಂದಿನ ಒಂದು ಬೆಳಿಗ್ಗೆ ಈ ಮನೆಯ ದಿಕ್ಕು ಬದಲಾಯಿತು.

ಚುನಾವಣೆ ಘೋಷಣೆಗೆ ಇನ್ನೂ ಎರಡು ವಾರವಿತ್ತು. ಈಚೆಯ ಬಣದವರು ಇದೇ ಜಿನ್ನಿನ ಗೋಡೆಯ ಮೇಲೆ ತಮ್ಮ ಮುಖಂಡರ ದೊಡ್ಡ ಚಿತ್ರ ಬರೆಸಿದ್ದರು. ಬರೆದವರು ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡದ ಕಲಾವಿದ ಹುಲುಗೇಶ. ಈ ಭಾಗದಲ್ಲಿ ಮುಖ ಬರೆಯಲು ಹುಲುಗೇಶನೇ ಬೇಕು ಎನ್ನುವಷ್ಟು ಹೆಸರು ಅವರದು. ಅದೇ ಗೋಡೆಯ ಬಲತುದಿಯಲ್ಲಿ ನೀರಿನ ಕರದ ಪ್ರಕಟಣೆ ಬರೆಸುವುದಕ್ಕೆಂದು ಹಳೆಯ ಬರಹದ ಮೇಲೆ ಹತ್ತಡಿ ಜಾಗಕ್ಕೆ ಸುಣ್ಣ ಹೊಡೆದು ಕುಬ್ರಾಬಿ ಸಂಜೆ ಮನೆಗೆ ಹೋದರು. ಬೆಳಗಾಗಿ ನೋಡಿದರೆ ಮುಖಂಡರ ಎರಡೂ ಕಣ್ಣುಗಳ ಮೇಲೆ ಅಡ್ಡಲಾಗಿ ಒಂದು ಬಿಳಿ ಪಟ್ಟೆ.

ಎಂಟು ಗಂಟೆಗೆಲ್ಲ ಐನೂರು ಜನ ಸೇರಿದರು. ಅಂಗಡಿಗಳು ಮುಚ್ಚಿದವು, ಬಸ್ಸೊಂದರ ಗಾಜು ಒಡೆಯಿತು. ಆಚೆಯವರೇ ಮಾಡಿಸಿದ್ದು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಯಾರ ಕೈಯಿಂದ ಮಾಡಿಸಿದರು ಎಂಬುದಷ್ಟೇ ಬೇಕಿತ್ತು. ಬಿಳಿ ಎಂದ ಕೂಡಲೇ ಯಾರೋ ಸುಣ್ಣದವಳ ಹೆಸರು ಹೇಳಿದರು. ಆಕೆಯ ಹೆಸರು ಕೇಳಿದ ಮೇಲೆ ಮಿಕ್ಕವರಿಗೆ ಇನ್ನೇನೂ ಕೇಳಬೇಕೆನಿಸಲಿಲ್ಲ.

ಪೊಲೀಸರು ಕುಬ್ರಾಬಿಯನ್ನು ಕರೆದೊಯ್ದು ಮೂರು ದಿನ, ಬೆಳಿಗ್ಗೆಯಿಂದ ಸಂಜೆಯವರೆಗೆ, ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಹೊಡೆಯಲಿಲ್ಲ, ಬೈಯಲಿಲ್ಲ. ಯಾರು ಹೇಳಿ ಮಾಡಿಸಿದರು ಎಂಬ ಒಂದೇ ಪ್ರಶ್ನೆಯನ್ನು ಬಂದವರೆಲ್ಲ ಕೇಳಿದರು. ಆಯೇಶಾ ಆಗ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಗಲಾಟೆ ತಣ್ಣಗಾಗುವವರೆಗೆ ಬರಬೇಡ ಎಂದು ಹೇಳಿ ಕಳಿಸಿದರು. ಆಮೇಲೆ ಕರೆಯಲೇ ಇಲ್ಲ.

ಎರಡನೆಯ ದಿನ ಪತ್ರಿಕೆಯಲ್ಲಿ ಸುದ್ದಿ ಬಂತು. ‘ಮುಖಂಡರ ಚಿತ್ರ ವಿರೂಪ: ಅನ್ಯಕೋಮಿನ ಮಹಿಳೆಯ ವಿಚಾರಣೆ.’ ಆ ಸುದ್ದಿ ಬರೆದವನು ನಾನು. ಗೋಡೆಯ ಹತ್ತಿರ ಹೋಗಿರಲಿಲ್ಲ, ಆ ಮಹಿಳೆಯನ್ನು ನೋಡಿರಲಿಲ್ಲ. ಠಾಣೆಗೆ ಫೋನು ಮಾಡಿ ಕೇಳಿ ಬರೆದೆ.

ನಾನು ಎರಡನೆಯ ಸಲ ಮನೆಗೆ ಹೋದಾಗ ಕುಬ್ರಾಬಿ ಒಳಗಿನಿಂದ ಪತ್ರಿಕೆಯಿಂದ ಕತ್ತರಿಸಿ ಮಡಚಿಟ್ಟ ತುಣುಕೊಂದನ್ನು ತಂದು ಮುಂದಿಟ್ಟರು. ಇದನ್ನು ಬರೆದವರು ಯಾರೆಂದು ನಿಮಗೆ ಗೊತ್ತಿದೆಯಾ ಎಂದು ಕೇಳಿದರು. ನಾನೇ ಎಂದೆ. ಇಮಾಮಸಾಬ್ ಕುಂಚ ಕಟ್ಟುವುದನ್ನು ನಿಲ್ಲಿಸಿದರು. ಕುಬ್ರಾಬಿ ತುಣುಕನ್ನು ಬಿಡಿಸಿ ತಲೆಬರಹದ ಮೇಲೆ ಬೆರಳಿಟ್ಟರು. ಆಮೇಲೆ ಕೇಳಿದರು.

“ಅನ್ಯ ಅಂತ ಬರದೀರಲ್ರಿ, ಯಾರಿಗಿ ಅನ್ಯ? ನಾ ಬಾದನಹಟ್ಟಿಯಾಕಿ. ನಮ್ಮಜ್ಜ, ನಮ್ಮಪ್ಪ ಅಲ್ಲೇ ಮಣ್ಣಾಗ್ಯಾರ. ನನಗ ಕನ್ನಡ ಬಿಟ್ಟು ಬ್ಯಾರೆ ಓದಾಕ ಬರಂಗಿಲ್ಲ. ಅದಕ್ಕ ನೀವು ಬರದದ್ದು ನನಗ ತಿಳೀತು.”

ತಪ್ಪಾಯಿತು ಎಂದೆ. ಅದು ಅವರಿಗೆ ತಲುಪಿತೋ ಇಲ್ಲವೋ ಹೇಳಲಾರೆ. ಹೊರಗೆ ಹೋಗು ಎನ್ನಲಿಲ್ಲ. ಮಾತು ದಾಖಲಿಸುತ್ತಿದ್ದ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಮುಂದೆ, ತಮಗೆ ಕಾಣುವಂತೆ ಇಟ್ಟುಕೊಂಡು, ಮುಂದಿನದನ್ನು ಹೇಳಿದರು.

ನಾಲ್ಕನೆಯ ದಿನ ಎಎಸ್‌ಐ ಕೊಟ್ಟೂರಪ್ಪ ಸ್ಥಳ ಪರಿಶೀಲನೆಗೆಂದು ಅವರನ್ನು ಗೋಡೆಯ ಹತ್ತಿರ ಕರೆತಂದರು. ಎರಡೂ ಬಣದವರು ರಸ್ತೆಯ ಎರಡು ಬದಿಗೆ ನಿಂತಿದ್ದರು. ಆಗ ಕುಬ್ರಾಬಿ ಒಂದೇ ಒಂದು ಮಾತು ಕೇಳಿಕೊಂಡರು.

“ಸಾಹೇಬ್ರ, ಎರಡೂ ಕಡಿ ಒಂದೊಂದ್ಸಲ ಕೈ ಹಚ್ಚಿ ನೋಡ್ರಿ.”

ಕೊಟ್ಟೂರಪ್ಪ ಮೊದಲು ಒಪ್ಪಲಿಲ್ಲ. ಆಮೇಲೆ, ಅಷ್ಟು ಜನ ನೋಡುತ್ತಿದ್ದಾರಲ್ಲ ಎಂದೋ ಏನೋ, ಬಲತುದಿಯ ಹತ್ತಡಿ ಸುಣ್ಣದ ಮೇಲೆ ಅಂಗೈ ಇಟ್ಟು ಎಳೆದರು. ಅಂಗೈ ಬೆಳ್ಳಗಾಯಿತು. ಅದನ್ನು ಒರೆಸಿಕೊಂಡು ಸ್ಟೂಲು ಹತ್ತಿ ಮುಖಂಡರ ಕಣ್ಣಿನ ಪಟ್ಟೆಯ ಮೇಲೆ ಎಳೆದರು. ಅಂಗೈಗೆ ಏನೂ ಹತ್ತಲಿಲ್ಲ. ಕುಬ್ರಾಬಿ ಎರಡಕ್ಕೂ ನೀರು ಎರಚಿಸಿದರು. ಸುಣ್ಣ ಬೂದಿಬಣ್ಣಕ್ಕೆ ತಿರುಗಿ, ಅದರ ಕೆಳಗಿದ್ದ ಹಳೆಯ ಅಕ್ಷರಗಳು ಮೇಲೆದ್ದವು. ಪಟ್ಟೆ ಮಾತ್ರ ಬೆಳ್ಳಗೆ ಹೊಳೆಯುತ್ತಲೇ ಇತ್ತು. ಇದು ಸುಣ್ಣವಲ್ಲ, ಪೇಂಟು ಎಂದು ಕುಬ್ರಾಬಿ ಹೇಳಿದರು. ತಮ್ಮ ಮನೆಯಲ್ಲಿ ಒಂದು ಹನಿ ಪೇಂಟು ಸಿಕ್ಕರೂ ತಮ್ಮನ್ನು ಒಳಗೆ ಹಾಕಿ ಎಂದರು. ಕೊಟ್ಟೂರಪ್ಪ ಅವತ್ತೇ ಬಂದು ಮನೆ ಜಾಲಾಡಿದರು. ಏನೂ ಸಿಗಲಿಲ್ಲ. ಇನ್ನು ಠಾಣೆಗೆ ಬರುವುದು ಬೇಡ ಎಂದು ಹೇಳಿ ಹೋದರು.

ಜನಕ್ಕೆ ಅದು ಸಾಲಲಿಲ್ಲ. ಪೇಂಟನ್ನು ಆಚೆಯವರು ಕೊಟ್ಟಿರಬಹುದು, ಡಬ್ಬಿಯನ್ನು ಎಲ್ಲಾದರೂ ಎಸೆದಿರಬಹುದು ಎಂದು ಮಾತು ಹುಟ್ಟಿತು. ಕುಬ್ರಾಬಿಗೆ ಇನ್ನೊಂದು ಸಂಗತಿ ಗೊತ್ತಾಗಿತ್ತು, ಅದನ್ನು ಅವರು ಯಾರಿಗೂ ಹೇಳಲಿಲ್ಲ. ಕಣ್ಣಿನ ಮೇಲಿನ ಪಟ್ಟೆಯಲ್ಲಿ ಒಂದಿಷ್ಟು ಹಳದಿ ಛಾಯೆಯಿತ್ತು. ಚಿತ್ರದಲ್ಲಿ ಮುಖಂಡರು ತೊಟ್ಟಿದ್ದ ಅಂಗಿಯ ಬಿಳಿಯಲ್ಲೂ ಅದೇ ಛಾಯೆ. “ಅಂಗಿಗೆ ಹಚ್ಚಿದ್ದು, ಕಣ್ಣಿಗೆ ಬಳದದ್ದು ಒಂದ ಡಬ್ಬಿ ಬಣ್ಣ. ಹೇಳಿದ್ರ ನಿನಗ ಹೆಂಗ ಗೊತ್ತು ಅಂತ ಅದಕ್ಕೊಂದು ಶಕ್ ಮಾಡ್ತಿದ್ರು. ಸುಮ್ನ ಆದೆ.”

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಅವರ ಮನೆಯ ಗೋಡೆಯ ಮೇಲೆಯೇ ಬರಹ. ಕರಿ ಎಣ್ಣೆ ಬಣ್ಣ, ಎರಡು ಸಾಲಿನಲ್ಲಿ ಗೇಣಗಲದ ಅಕ್ಷರ: ‘ಕಣ್ಣಿಗೆ ಬಳಿದವಳ ಮನೆ ಇದು.’ ಕೊನೆಗೆ ಬಾಗಿಲನ್ನು ತೋರಿಸುವ ಒಂದು ಬಾಣ.

ಓಣಿಯವರೆಲ್ಲ ಬಂದು ನಿಂತರು. ಇಮಾಮಸಾಬರಿಗೆ ಕಾಣದು, ಆಯೇಶಾ ಓದಿ ಹೇಳಿದಳು. ಬೇಗ ಅಳಿಸು ಎಂದರು ಅವರು. ಸುಣ್ಣ ಮನೆಯಲ್ಲೇ ಇತ್ತು, ಕುಂಚವೂ ಇತ್ತು. ಊರ ತುಂಬ ಎಷ್ಟೋ ಸಾವಿರ ಅಡಿ ಗೋಡೆ ಅಳಿಸಿದ ಕುಬ್ರಾಬಿ ತಮ್ಮ ಮನೆಯ ಎಂಟಡಿ ಗೋಡೆಯನ್ನು ಅಳಿಸಲಿಲ್ಲ. ಆರ್ಡರ್ ಇಲ್ಲದೆ ತಾನು ಯಾವ ಗೋಡೆಯನ್ನೂ ಅಳಿಸುವುದಿಲ್ಲ ಎಂದು ಓಣಿಯವರಿಗೆ ಹೇಳಿ ಒಳಗೆ ಹೋದರು. ಜನ ತಲೆ ಕೆಟ್ಟಿದೆ ಎಂದುಕೊಂಡರು.

ತಲೆ ಕೆಟ್ಟಿರಲಿಲ್ಲ. ಅಕ್ಷರ ನೋಡಿದ ಕೂಡಲೇ ಅವರಿಗೆ ಕೈ ಯಾರದೆಂದು ಗೊತ್ತಾಗಿತ್ತು.

“ಹುಲುಗೇಶನ ‘ಳ’ದ ಬಾಲ ಮ್ಯಾಲಕ್ಕ ತಿರುಗತೈತ್ರಿ. ಬ್ಯಾರೆ ಯಾರೂ ಹಂಗ ಬರಿಯಂಗಿಲ್ಲ. ಇಪ್ಪತ್ತು ವರ್ಷ ಅಂವ ಬರದದ್ದನ್ನ ಅಳಸೀನಿ, ನನಗ ಗೊತ್ತಾಗಂಗಿಲ್ಲೇನು? ಅಂವಗ ನನ್ನ ಮ್ಯಾಲೆ ಸಿಟ್ಟಿಲ್ಲ. ಯಾರೋ ಬರಸ್ಯಾರ. ಬರಸಿದವರು ಯಾರು ಅಂತ ಅಂವನ ಬಾಯಿಲೆ ನನಗ ಬೇಕಿತ್ತು.”

ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ಹುಲುಗೇಶನನ್ನು ಅದೇ ಬೆಂಚಿನ ಮೇಲೆ ಕೂರಿಸುತ್ತಿದ್ದರು, ಬರೆಸಿದವರು ಮನೆಯಲ್ಲೇ ಇರುತ್ತಿದ್ದರು ಎಂದರು.

ಬರಹ ಒಂಬತ್ತು ತಿಂಗಳು ಅಲ್ಲೇ ಇತ್ತು. ಚುನಾವಣೆ ಬಂತು, ಹೋಯಿತು. ಈಚೆಯವರ ಮುಖಂಡರೇ ಗೆದ್ದರು. ಊರಿನ ಬೇರೆಲ್ಲ ಗೋಡೆಗಳು ಎರಡೆರಡು ಸಲ ಬದಲಾದವು. ಕೌಲ್‌ಬಜಾರಿನ ಓಣಿಯ ಬಾಯಲ್ಲಿ ನಿಂತರೆ ‘ಕಣ್ಣಿಗೆ ಬಳಿದವಳ ಮನೆ’ ಕಾಣುತ್ತಲೇ ಇತ್ತು. ಹಾಲು ಹಾಕುವವನು ಬರುವುದನ್ನು ಬಿಟ್ಟ. ಆಯೇಶಾಳನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು ಗೋಡೆ ಓದಿ, ಒಳಗೆ ಬರದೆ, ಬಂದ ಆಟೊದಲ್ಲೇ ತಿರುಗಿ ಹೋದರು. ಅಂದು ಆಯೇಶಾ ತಾನೇ ಕುಂಚ ತೆಗೆದುಕೊಂಡು ಹೊರಗೆ ಬಂದಿದ್ದಳಂತೆ. ತಾಯಿ ಕೈ ಹಿಡಿದು ನಿಲ್ಲಿಸಿದರು. ಒಂದು ವಾರ ಮಗಳು ಮಾತು ಬಿಟ್ಟಳು. “ಅವಳಿಗಿ ಅಷ್ಟು ಕಷ್ಟ ಕೊಡಬಾರ್ದಿತ್ತು. ಅದು ನನ್ನ ತಪ್ಪು. ಉಳಿದದ್ದು ತಪ್ಪಲ್ಲ” ಎನ್ನುತ್ತಾರೆ ಕುಬ್ರಾಬಿ. ಆಯೇಶಾ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಾಳೆ.

ಒಂದು ಶುಕ್ರವಾರ ಮಧ್ಯಾಹ್ನ ಹುಲುಗೇಶ ಬಂದರು. ಕೈಯಲ್ಲಿ ಒಂದು ಕುಂಚವಿತ್ತು. ಗೋಡೆಯ ಮುಂದೆ ನಿಂತರೇ ಹೊರತು ಬಾಗಿಲು ಬಡಿಯಲಿಲ್ಲ. ಕುಬ್ರಾಬಿ ಕಿಟಕಿಯಿಂದ ಸ್ವಲ್ಪ ಹೊತ್ತು ನೋಡಿ ಹೊರಗೆ ಬಂದರು. ಸುಣ್ಣ ಹಿತ್ತಲಲ್ಲಿದೆ, ಮೊದಲು ಇಟ್ಟಿಗೆಯಿಂದ ತಿಕ್ಕು ಎಂದಷ್ಟೇ ಹೇಳಿದರು. ಹುಲುಗೇಶ ತಿಕ್ಕಿದರು. ಚಿತ್ರ ಬರೆಯುವ ಕೈ, ಅಳಿಸುವುದು ಗೊತ್ತಿಲ್ಲ. ಸುಣ್ಣವನ್ನು ಅಡ್ಡಡ್ಡ ಹೊಡೆದರು. ಮೇಲಿನಿಂದ ಕೆಳಗೆ ಹೊಡೆ ಎಂದು ಕುಬ್ರಾಬಿ ತಿದ್ದಿದರು. ಮೊದಲ ಕೈ ಮುಗಿದಾಗ ಅಕ್ಷರಗಳೆಲ್ಲ ಹಾಗೇ ಕಾಣುತ್ತಿದ್ದವು. ಒಣಗಬೇಕು, ಆಮೇಲೆ ಎರಡನೇ ಕೈ, ಅದೂ ಒಣಗಿದ ಮೇಲೆ ಮೂರನೆಯದು. ಒಣಗುವವರೆಗೆ ಹುಲುಗೇಶ ಹೊಸ್ತಿಲ ಹೊರಗೆ ಕೂತರು. ಹಾಗೆ ಕೂತಾಗ ಎಲ್ಲವನ್ನೂ ಹೇಳಿದರು.

ಹುಲುಗೇಶರನ್ನು ನಾನು ಸಿರುಗುಪ್ಪದಲ್ಲಿ ಭೇಟಿಯಾದೆ. ಅಕ್ಕಿ ಗಿರಣಿಯೊಂದರ ಬಾಗಿಲಿಗೆ ಭತ್ತದ ತೆನೆ ಬರೆಯುತ್ತಿದ್ದರು. ಅವರಿಗೂ ನನ್ನ ಮೇಲೆ ನಂಬಿಕೆಯಿಲ್ಲ. ಗಿರಣಿಯ ಆಳುಗಳಿಗೆ ಕೇಳಿಸದಂತೆ ಹೊರಗೆ ಬಂದು ಮಾತಾಡಿದರು. ಅವರು ಹೇಳಿದ್ದಿಷ್ಟು. ಚಿತ್ರ ಮುಗಿದ ಸಂಜೆ ಈಚೆಯ ಬಣದ ವಾರ್ಡಿನ ಮುಖಂಡ ಗವಿಸಿದ್ದೇಶ್ ಬಂದು, ಬಿಳಿ ಬಣ್ಣದ ಡಬ್ಬಿಯನ್ನೂ ಅಗಲ ಕುಂಚವನ್ನೂ ಇಸಿದುಕೊಂಡರು. ಬೆಳಿಗ್ಗೆ ವಾಪಸು ಕೊಟ್ಟಾಗ ಕುಂಚ ಒದ್ದೆಯಿತ್ತು. ಗೋಡೆ ನೋಡಿದ ಮೇಲೆ ಹುಲುಗೇಶರಿಗೆ ಅರ್ಥವಾಯಿತು: ಆಚೆಯವರ ಮೇಲೆ ಜನರನ್ನು ಎಬ್ಬಿಸಲು ತಮ್ಮ ಮುಖಂಡರ ಕಣ್ಣಿಗೆ ತಾವೇ ಬಳಿದಿದ್ದಾರೆ. ಬಾಯಿ ಬಿಡಬೇಡ ಎಂದು ಗವಿಸಿದ್ದೇಶ್ ಹೇಳಿದರು, ಬಿಡಲಿಲ್ಲ. ಸುಣ್ಣದ ಪರೀಕ್ಷೆ ನಡೆದು ಕುಬ್ರಾಬಿ ಪಾರಾದ ದಿನ ಮತ್ತೆ ಬಂದು, ಆಕೆಯ ಮನೆ ಗೋಡೆಯ ಮೇಲೆ ಬರೆ ಎಂದರು.

“ಬರದೆ ಸರ್. ಸುತ್ತ ಹತ್ತೂರಿನ ಕೆಲಸ ಅವರ ಕಡಿಂದಾನ ಬರ್ತಿತ್ತು. ಆಮ್ಯಾಲೆ ಏನಾತಂದ್ರ, ಸಿರುಗುಪ್ಪ ಬಸ್ಸು ಆ ಓಣಿ ಬಾಯಾಗ ಹಾದು ಹೋಗ್ತೈತಿ. ಗೋಡಿ ಎಡಕ್ಕ ಬರ್ತೈತಿ. ಕಾಣಬಾರ್ದಂತ ಬಲಗಡಿ ಸೀ‌ಟು ಹಿಡೀತಿದ್ದೆ. ನಾಳೆ ಅಳಸ್ತಾಳ, ನಾಡಿದ್ದು ಅಳಸ್ತಾಳ ಅಂತ ಕಾದೆ. ಆಯಮ್ಮ ಅಳಸಲೇ ಇಲ್ಲ.”

ಗವಿಸಿದ್ದೇಶ್ ಈಗ ಬಣದೊಳಗೆ ಇನ್ನೂ ಎರಡು ಮೆಟ್ಟಿಲು ಮೇಲೇರಿದ್ದಾರೆ. ಅವರಿಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡು, ನಿಮ್ಮನ್ನು ಯಾರು ಕಳಿಸಿದ್ದು ಎಂದು ಕೇಳಿದರು. ಎಲ್ಲ ಸುಳ್ಳು ಎಂದರು. ಹುಲುಗೇಶ ಹೋದ ವರ್ಷ ಆಚೆಯವರ ಗೋಡೆ ಬರೆದಿದ್ದಾನೆ, ಅಂಥವನ ಮಾತು ನಂಬುತ್ತೀರಾ ಎಂದರು. ವಿಚಾರಿಸಿದೆ. ಅದು ನಿಜ, ಒಂದು ಗೋಡೆ ಬರೆದಿದ್ದಾರೆ. ನನ್ನ ತಲೆಯಲ್ಲೂ ಹುಳು ಹೊಕ್ಕಿತು. ಆಚೆಯವರೇ ಹುಲುಗೇಶರ ಬಾಯಿಂದ ಇದನ್ನು ಹೇಳಿಸುತ್ತಿದ್ದರೆ? ಒಮ್ಮೆ ಕೇಳಿದ್ದನ್ನೇ ಬರೆದು ಮೋಸಹೋದವನು ನಾನು.

ಕೊಟ್ಟೂರಪ್ಪನವರನ್ನು ಹುಡುಕಿಕೊಂಡು ಹೋದೆ. ನಿವೃತ್ತರಾಗಿ ರೂಪನಗುಡಿಯಲ್ಲಿದ್ದಾರೆ. ಅವರು ಹೇಳಿದ್ದು ನನ್ನ ಅನುಮಾನಕ್ಕೆ ಉತ್ತರವಾಯಿತು. ಮೂರನೆಯ ಕೈ ಸುಣ್ಣ ಹೊಡೆದು ಮುಗಿಸಿದ ಶುಕ್ರವಾರವೇ ಹುಲುಗೇಶ ಠಾಣೆಗೆ ಬಂದು, ನಡೆದದ್ದನ್ನೆಲ್ಲ ಬರೆದು, ಸಹಿ ಮಾಡಿ ಕೊಟ್ಟಿದ್ದರು. ಆಗ ಅವರಿಗೆ ಆಚೆಯವರ ಕೆಲಸ ಸಿಕ್ಕಿರಲಿಲ್ಲ. ಈಚೆಯವರ ಕೆಲಸವೇ ಕೈಯಲ್ಲಿತ್ತು, ಮರುದಿನ ಅದೂ ಹೋಯಿತು. ಪ್ರಕರಣವನ್ನೇಕೆ ಮುಂದುವರಿಸಲಿಲ್ಲ ಎಂದರೆ, ದೂರು ದಾಖಲಾಗಿಯೇ ಇರಲಿಲ್ಲ, ಬರೀ ವಿಚಾರಣೆ ನಡೆದಿತ್ತು ಎಂದರು ಕೊಟ್ಟೂರಪ್ಪ. ಮೂರು ದಿನ ಬೆಂಚಿನ ಮೇಲೆ ಕೂತವರ ಹೆಸರಿನಲ್ಲಿ ಒಂದು ಹಾಳೆಯೂ ಇಲ್ಲ.

ಹಾಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ, ಬಣದವರಾಗಲಿ ಪೊಲೀಸರಾಗಲಿ ಕ್ಷಮೆ ಕೇಳಲಿಲ್ಲ. ಆದರೆ ಹುಲುಗೇಶ ತಾವು ಸಹಿ ಮಾಡಿದ ಹಾಳೆಯ ನಕಲನ್ನು ಓಣಿಯಲ್ಲಿ ನಾಲ್ಕು ಮನೆಗೆ ಓದಿ ಹೇಳಿಯೇ ಊರಿಗೆ ಹೋದರು. ಹಾಲಿನವನು ಮತ್ತೆ ಬಂದ. ಆಯೇಶಾ ಬೇರೊಂದು ಘಟಕ ಸೇರಿ ಈಗ ಹದಿನೆಂಟು ಜನ ಹೊಲಿಯುವವರ ಮೇಲ್ವಿಚಾರಕಿ. ಹೋದ ಡಿಸೆಂಬರಿನಲ್ಲಿ ಅವಳ ಮದುವೆಯಾಯಿತು. ಅಳಿಯ ಅಜೀಮ್ ಬೈಕ್ ಮೆಕ್ಯಾನಿಕ್. ಗೋಡೆಯ ವಿಚಾರ ಅವನಿಗೆ ಮೊದಲೇ ಗೊತ್ತಿತ್ತು, ಅತ್ತೆಯ ಹಟದ ಬಗ್ಗೆ ಈಗಲೂ ತಮಾಷೆ ಮಾಡುತ್ತಾನೆ.

ಕುಬ್ರಾಬಿ ಎಂದಿನಂತೆ ಏಣಿ ಹತ್ತುತ್ತಾರೆ. ಪಟ್ಟಿ ಇಲ್ಲದೆ ಬಕೆಟ್ಟು ಎತ್ತುವುದಿಲ್ಲ. ಗೋಡೆ ಮುಗಿದ ಮೇಲೆ ಡ್ರಮ್ಮು ತೊಳೆದ ನೀರನ್ನೂ ಹತ್ತು ಜನರೆದುರೇ ಚೆಲ್ಲುತ್ತಾರೆ.

ಈ ತಿಂಗಳ ಮೊದಲ ವಾರ ಅವರು ಬಾದನಹಟ್ಟಿಯಲ್ಲಿದ್ದರು. ಊರ ಶಾಲೆಯ ಎದುರಿನ ಗೋಡೆಗೆ ಚಿತ್ರ ಬರೆಸಬೇಕೆಂದು ಮುಖ್ಯೋಪಾಧ್ಯಾಯಿನಿ ಗಂಗೋತ್ರಿ ಅವರು ಹುಲುಗೇಶರನ್ನು ಕರೆಸಿದ್ದರು. ಗೋಡೆಯನ್ನು ಮೊದಲು ಹದ ಮಾಡಿಸಬೇಕು, ಅದಕ್ಕೆ ಕುಬ್ರಾಬಿಯನ್ನೇ ಕರೆಯಿರಿ ಎಂದವರು ಹುಲುಗೇಶ. ಕುಬ್ರಾಬಿ ಕೂಡಲೇ ಒಪ್ಪಲಿಲ್ಲ. ಏನು ಬರೆಸುತ್ತೀರಿ, ಯಾರದಾದರೂ ಮುಖ ಬರುತ್ತದಾ ಎಂದು ಎರಡು ಸಲ ಫೋನು ಮಾಡಿ ಕೇಳಿದರು. ಮುಖ ಇಲ್ಲ, ಹತ್ತಿ ಹೊಲ, ಮೆಣಸಿನಕಾಯಿ ಕಣ, ಕಾಲುವೆ, ಒಂದು ಬಸ್ಸು ಎಂದು ಗಂಗೋತ್ರಿ ಹೇಳಿದ ಮೇಲೆ ಹೊರಟರು. ಎರಡು ದಿನ ಹಳೆಯ ಗಾರೆ ಕೆರೆದು, ಬಿರುಕು ಮುಚ್ಚಿ, ಮೂರು ಕೈ ಬಿಳಿ ಹೊಡೆದರು.

ನಾನು ಹೋದಾಗ ಹುಲುಗೇಶ ಬಸ್ಸಿನ ಚಕ್ರಕ್ಕೆ ಕೈ ಹಾಕಿದ್ದರು. ಕುಬ್ರಾಬಿಯ ಕೆಲಸ ಮುಗಿದಿತ್ತು, ಆದರೂ ಹೋಗಿರಲಿಲ್ಲ. ಬೇವಿನ ಮರದ ಕೆಳಗೆ ಕೂತು, ಹುಲುಗೇಶರ ಕುಂಚ ಹೋದಲ್ಲೆಲ್ಲ ಕಣ್ಣಾಡಿಸುತ್ತಿದ್ದರು. ಅವರ ಮೇಲೆ ಈಗ ನಂಬಿಕೆ ಬಂದಿದೆಯಾ ಎಂದು ಕೇಳಿದೆ. ಪೂರ್ತಿ ಇಲ್ಲ ಎಂದರು. ನನ್ನ ಮೇಲೆ ಎಂದು ಕೇಳಲು ಬಾಯಿ ಬರಲಿಲ್ಲ. ನಿಮಗೆ ಏನಾದರೂ ಆಸೆಯಿದೆಯಾ ಎಂದಷ್ಟೇ ಕೇಳಿದೆ. ಅವರು ಗೋಡೆಯಿಂದ ಕಣ್ಣು ತೆಗೆಯದೆ ಹೇಳಿದರು.

“ಇಪ್ಪತ್ತೆರಡು ವರ್ಷದಾಗ ನಾ ಹೊಡದ ಬಿಳಿ ಮ್ಯಾಲೆ ಏನಾರ ಚಲೋದು ಬಂದದ್ದು ಇದ ಮೊದಲು. ಇದು ನಾಕು ಮಳಿಗಾಲ ತಡೀಬೇಕು. ಅಷ್ಟರಾಗ ಯಾರಾರ ಬಂದು ಇದನ್ನ ಅಳಸು ಅಂದ್ರ ನಾ ಬರಂಗಿಲ್ಲ. ಗುತ್ತಿಗೆದಾರಗೂ ಹೇಳಿ ಬಂದೀನಿ, ಬಾದನಹಟ್ಟಿ ಸಾಲಿ ಗೋಡಿಗೆ ನನ್ನ ಕರೀಬ್ಯಾಡ್ರಿ ಅಂತ.”